ಹಾವಸೆಗಳ ಮೋಜಣಿಯೂ ಮಲೆನಾಡಿನ ಹಿಡುವಳಿದಾರರೂ

ಮೋಜಣಿ ಎಂಬ ಮಾತು ಕಿವಿಗೆ ಬಿದ್ದೊಡನೆ ಮಲೆನಾಡಿನ ಹಿಡುವಳಿದಾರನ ಮನಸ್ಸು ಸರಪಳಿ, ಬಾಂದುಕಲ್ಲು, ಖರಾಬು, ಕಂದಾಯ ಇವುಗಳ ಕಡೆಗೆ ಹರಿಯುವುದು ಸಹಜವಾಗಿದೆ. ಅಳೆಯಲು ಬಂದವನು ಏನನ್ನಾದರೂ ಕೊಂಡೊಯ್ಯದೆ ಹಿಂದಿರುಗುವುದಿಲ್ಲವೆಂಬ ನಂಬುಗೆ ತಲೆತಲಾಂತರದಿಂದ ಬಂದುದು; ಅದು ಪೂರ್ತಿಯಾಗಿ ನಿರಾಧಾರವಾದುದೂ ಅಲ್ಲ. ಹೀಗಿರುವಲ್ಲಿ, ಹೆಗಲಿಗೆ ಚೀಲವನ್ನೂ ಕೊರಳಿಗೆ ಭೂತಕನ್ನಡಿಯನ್ನೂ ತೂಗಹಾಕಿಕೊಂಡು ಕಾಲೇಜಿನ ಕೆಲವು ಮಂದಿ ತೋಟದ ಅಂಚಿಗೆ ಬಂದು, ಅಡಕೆಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮರಕ್ಕೆ ಹತ್ತಿದ ಹಸುರು ಹಾವಸೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ಕಾಗದದ ಪೊಟ್ಟಣದಲ್ಲಿ ಇಡುವುದನ್ನು ಕಂಡರೆ ಯಜಮಾನನಿಗೆ ಮೊದಲು ನಗು ಬರುವುದು, ಅನಂತರ ಅನುಮಾನ ಬರುವುದು. ಎರಡಕ್ಕೂ ಉತ್ತರ ಹೇಳುವ ಕೆಲಸ ಬಂದವರದೇ ಆದರೂ, ಆ ಉತ್ತರವನ್ನು ಕೇಳಿ ತೂಗಿನೋಡುವ ಹೊಣೆ ಗ್ರಾಮದ ಮುಖಂಡರ ಮೇಲಿದೆ. ಘಟ್ಟದ ಹಾವಸೆಗಳ ಮೋಜಣಿಗೆ ಎಡೆಮಾಡಿಕೊಡುವುದು ಗ್ರಾಮಗಳಿಗೆ ಹಿತವೆಂಬುದನ್ನೂ, ಆದರೆ ಯಾವ ಕಟ್ಟಳೆಗಳ ಮೇಲೆ ಎಡೆಮಾಡಿಕೊಡಬೇಕೆಂಬುದನ್ನೂ ಇಲ್ಲಿ ವಿಚಾರಿಸಲಾಗಿದೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಬೇಕಾಗಿದೆ. ಕನ್ನಡದಲ್ಲಿ ಹಾವಸೆ, ಪಾಚಿ ಎಂಬ ಎರಡು ಮಾತುಗಳೂ ಒಂದರ ಬದಲಾಗಿ ಇನ್ನೊಂದು ಬಳಕೆಯಲ್ಲಿವೆ. ಕೆರೆಯ ನೀರಿನ ಮೇಲೆ ಕಟ್ಟುವ ಜಿಗುಟು ಹಸುರೂ ಪಾಚಿಯೇ, ಬಾವಿಯ ಕಟ್ಟೆಯ ಮೇಲಣ ಮಖಮಲ್ಲಿನಂತಹ ಹೊದಿಕೆಯೂ ಪಾಚಿಯೇ, ಮಾವಿನ ಮರದ ತೊಗಟೆಗೆ ಅಂಟಿದ ಬೂದುಬಣ್ಣದ ಚಕ್ಕೆಯೂ ಪಾಚಿಯೇ. ಶಾಸ್ತ್ರಜ್ಞರ ಲೆಕ್ಕದಲ್ಲಿ ಇವು ಮೂರೂ ಬೇರೆ ಬೇರೆ ವಂಶಗಳು. ನೀರಿನದು ಶೈವಲ, ಬೂದುಬಣ್ಣದ ಚಕ್ಕೆ ಕಲ್ಲುಹೂವಿನ ಬಳಗದ್ದು, ಎಂದರೆ ಶಿಲೀಂಧ್ರವೂ ಶೈವಲವೂ ಕೂಡಿ ನಡೆಸುವ ಸಂಸಾರ, ಬಾವಿಕಟ್ಟೆಯ ಮೇಲಣದು ಮಾತ್ರ ನಿಜವಾದ ಹಾವಸೆ. ಈ ಹಾವಸೆಗಳಲ್ಲಿಯೂ ಮೂರು ಪಂಗಡಗಳುಂಟು. ಸಣ್ಣ ಕಾಂಡ, ಸಣ್ಣ ಎಲೆ ಎಂದು ಗುರುತಿಸಬಹುದಾದ, ಗುಂಪಾಗಿ ನಿಲ್ಲುವವು ಮಾಸ್‌ಗಳು. ನೆಲಕ್ಕೆ ಅಪ್ಪಳಿಸಿದ ಹಸುರು ನಾಲಗೆಯಂತೆ ಹರಡುವ ಮಾರ್ಕಾಂಶಿಯ ಮುಂತಾದವು ಲಿವರ್‌ವರ್ಟ್‌ಗಳು. ಅವುಗಳ ಹಾಳೆ ಯಕೃತ್ತಿನ ಆಕಾರದಲ್ಲಿದೆಯೆಂದೂ ಆದುದರಿಂದ ಯಕೃತ್ತಿನ ರೋಗಕ್ಕೆ ಮದ್ದಾಗಬೇಕೆಂದೂ ಯುರೋಪಿನ ಹಳೆಯ ವೈದ್ಯರು ನಂಬಿದ್ದುದರಿಂದ ಈ ಹೆಸರು ಬಂದಿತು. ಮದ್ದಂತೂ ಆಗಲಿಲ್ಲ, ಹೆಸರು ಉಳಿಯಿತು. ಲಿವರ್‌ವರ್ಟ್‌ಗಳಲ್ಲಿ ಬಹುಪಾಲು ಇಂತಹ ಹಾಳೆಯ ಜಾತಿಗಳಲ್ಲ. ಮಾಸ್‌ಗಳಂತೆಯೇ ಎಲೆಯುಳ್ಳ, ಆದರೆ ತೊಗಟೆಗೆ ಬಳಿದಂತೆ ಮಟ್ಟಸವಾಗಿ ಹರಡುವ ಸೂಕ್ಷ್ಮ ಸಸ್ಯಗಳು. ಮೂರನೆಯ ಪಂಗಡದವು ಹಾಳೆಯ ಮೇಲೆ ಕೊಂಬಿನಂತೆ ನೆಟ್ಟಗೆ ಏಳುವ ಕಡ್ಡಿಗಳಿಂದ ಗುರುತು ಸಿಕ್ಕುವ ಹಾರ್ನ್‌ವರ್ಟ್‌ಗಳು. ಲೋಕದಲ್ಲಿ ಇವೆಲ್ಲವೂ ಸೇರಿ ಸುಮಾರು 20,000 ಜಾತಿಗಳು ಇರುವುದಾಗಿ ಎಣಿಸಲಾಗಿದೆ. ಭಾರತದಲ್ಲಿ ಈವರೆಗೆ ದಾಖಲಾದವು 2,500ಕ್ಕೆ ಮೇಲ್ಪಟ್ಟಿವೆ.

ಈ ಸಸ್ಯಗಳಿಗೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬೇರಿನಂತೆ ಕಾಣುವ ಎಳೆಗಳು ಕಲ್ಲಿಗೋ ತೊಗಟೆಗೋ ಹಿಡಿದು ನಿಲ್ಲುವುದಕ್ಕೆ ಮಾತ್ರ. ನೀರನ್ನೂ ಆಹಾರದ ಉಪ್ಪುಗಳನ್ನೂ ಇವು ಮೈಯೆಲ್ಲದರಿಂದಲೂ ಹೀರಿಕೊಳ್ಳುತ್ತವೆ. ಮರಗಿಡಗಳ ಎಲೆಯ ಮೇಲಿರುವ ದಪ್ಪನಾದ ಮೇಣದ ಹೊದಿಕೆ ಇವಕ್ಕಿಲ್ಲ. ಆದಕಾರಣ ಮಳೆ ಬಂದ ಗಳಿಗೆಯಲ್ಲಿ ತುಂಬಿಕೊಂಡು, ಬಿಸಿಲು ಬಂದ ಗಳಿಗೆಯಲ್ಲಿ ಒಣಗಿ ಮುದುಡಿ, ಮತ್ತೆ ಹನಿ ಬಿದ್ದೊಡನೆ ಹಸುರಾಗುವ ಗುಣ ಇವುಗಳಲ್ಲಿ ಅನೇಕಕ್ಕೆ ಇದೆ. ಬೇಸಗೆಯಲ್ಲಿ ಕಪ್ಪಗೆ ಸೀದಂತೆ ಕಾಣುವ ಹಂಚಿನ ಮಾಡಿನ ಹಾವಸೆ ರೋಹಿಣಿಯ ಮೊದಲ ಮಳೆಗೆ ಒಂದು ತಾಸಿನೊಳಗಾಗಿ ಜೀವ ತಳೆಯುವುದನ್ನು ಕಾಣದ ಮಲೆನಾಡಿಗರಿಲ್ಲ. ಗಂಡಿನ ಬೀಜಾಣು ಹೆಣ್ಣಿನ ಕಡೆಗೆ ಈಜಿಕೊಂಡೇ ಹೋಗಬೇಕಾದುದರಿಂದ ಇವುಗಳ ಸಂತಾನಕ್ಕೆ ನೀರಿನ ತೆಳುಪದರವಾದರೂ ಅವಶ್ಯ. ಆಮೇಲೆ ಎದ್ದ ಸಣ್ಣ ಕಾಯಿಯೊಳಗಿನ ಹುಡಿ ಗಾಳಿಯಲ್ಲಿ ಹಾರಿ ಬೇರೆಡೆಗೆ ಹರಡುತ್ತದೆ.

ಇಷ್ಟರಿಂದಲೇ, ಸಮುದ್ರದ ಮಗ್ಗುಲಿನ ಬೆಟ್ಟಸಾಲು ಹಾವಸೆಗಳಿಗೆ ತವರುಮನೆಯಾಗುವುದೇಕೆಂಬುದು ತಿಳಿಯುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡ ಘಟ್ಟದ ಗೋಡೆಗೆ ತಾಗಿ ಮೇಲಕ್ಕೇರುವಲ್ಲಿ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 300 ಅಂಗುಲದ ಸುಮಾರಿಗೆ ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ 25 ಅಂಗುಲವೂ ಆಗುವುದಿಲ್ಲ. ಕರಾವಳಿಯ ತೆಂಗಿನ ಬುಡದಿಂದ ಹೊರಟು ಕೊಡಚಾದ್ರಿ, ಕುದುರೆಮುಖ, ಪುಷ್ಪಗಿರಿಗಳ ನೆತ್ತಿಗೆ ಏರುವವನು ಕೆಲವೇ ಮೈಲಿಗಳ ದಾರಿಯಲ್ಲಿ ಹಲವು ಬೇರೆ ಬೇರೆ ಹವೆಗಳನ್ನು ದಾಟುತ್ತಾನೆ. ಕೆಳಗೆ ತೆಂಗು ಅಡಕೆಗಳ ಕಾಂಡದ ಮೇಲೆ ಬಿಳಿಚಿದ ಹಸುರಿನ ಆಕ್ಟೊಬ್ಲೆಫಾರಮ್ ಎಂಬ ಮಾಸು ಮೆತ್ತೆ ಮೆತ್ತೆಯಾಗಿ ಹತ್ತಿರುತ್ತದೆ. ನಡುವಣ ನಿತ್ಯಹಸುರಿನ ಕಾಡಿನಲ್ಲಿ ನೆರಳಿನ ಗಿಡಗಳ ಎಲೆಗಳ ಮೇಲೆಯೇ ಚುಕ್ಕೆ ಬಳಿದಂತೆ ಬೆಳೆಯುವ ಅತಿಸೂಕ್ಷ್ಮವಾದ ಲಿವರ್‌ವರ್ಟ್‌ಗಳುಂಟು. ಮೇಲಣ ಶೋಲಾ ಕಾಡಿನಲ್ಲಿ ಕುಳ್ಳು ಮರಗಳ ಕೊಂಬೆಗಳಿಂದ ಮುದುಕನ ಗಡ್ಡದಂತೆ ಮೀಟಿಯೋರಿಯಮ್ ಮುಂತಾದ ಮಾಸ್‌ಗಳು ಜೋಲಾಡುತ್ತವೆ. ಅಲ್ಲಿ ಮಳೆಯಿಲ್ಲದ ದಿನವೂ ಮಂಜು ಅವುಗಳ ಮೇಲೆ ಕೂಡಿ ಹನಿಯಾಗಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಒಣತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ಈ ಹೊದಿಕೆಯಿಂದಾಗಿ ಸುರಿದ ನೀರು ಒಮ್ಮೆಲೇ ಓಡದೆ ತಡೆದು ತಡೆದು ಇಳಿಯುತ್ತದೆ. ತೋಟದ ಮೇಲ್ಗಡೆಯ ಅಬ್ಬಿಯ ನೀರು ಎಷ್ಟು ಭಾಗ ಹಾವಸೆಯ ಕೃಪೆ, ಎಷ್ಟು ಭಾಗ ಮಣ್ಣಿನ ಮತ್ತು ಮರದ ಕೃಪೆ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಹಾವಸೆಯಿಂದಲೇ ಹೊಳೆ ಹುಟ್ಟುವುದೆಂದು ಸಾರುವ ಉತ್ಸಾಹಿಗಳ ಮಾತನ್ನು ಹಾಗೆಯೇ ನಂಬಬೇಕಾದುದಿಲ್ಲ. ಬೆಟ್ಟದ ನೆತ್ತಿಯ ಕಾಡಿನಲ್ಲಿ ಅದರ ಪಾಲು ಉಂಟೆಂಬುದು ಮಾತ್ರ ಸಂದೇಹವಿಲ್ಲದುದು.

ತೋಟಗಾರರು ಹಾವಸೆಯ ವಿಷಯವಾಗಿ ಹೇಳುವ ದೂರು ಬೇರೆಯದೇ. ಮರದ ಸಾರವನ್ನು ಅದು ಹೀರುತ್ತದೆಂದೂ, ಹಾವಸೆ ಹತ್ತಿದ ಮರ ಸೊರಗುತ್ತದೆಂದೂ ಹಲವರ ಅಭಿಪ್ರಾಯ. ಇದು ತಪ್ಪು ಗ್ರಹಿಕೆ. ಬಂದಳಿಕೆ ಮರದೊಳಕ್ಕೆ ಬೇರನ್ನಿಳಿಸಿ ರಸವನ್ನು ಕದಿಯುತ್ತದೆ; ಹಾವಸೆಗೆ ಅಂತಹ ಅವಯವವೇ ಇಲ್ಲ. ಸೊರಗಿದ ಮರದ ಎಲೆ ಉದುರಿ ಬೆಳಕು ಒಳಗೆ ಬಿದ್ದಲ್ಲಿ, ಇಲ್ಲವೆ ಗಾಳಿಯಾಡದೆ ತೇವ ನಿಂತಲ್ಲಿ ಹಾವಸೆ ಹೆಚ್ಚಬಹುದು. ಆಗ ಕಾರಣವನ್ನು ಕಾರ್ಯವೆಂದೂ ಕಾರ್ಯವನ್ನು ಕಾರಣವೆಂದೂ ಭ್ರಮಿಸುವುದಾಗುತ್ತದೆ. ಹಾಗೆಂದು ಕಾಫಿ ಗಿಡದ ಕಾಂಡವನ್ನು ಉಜ್ಜುವ ಪದ್ಧತಿ ನಿರರ್ಥಕವೆಂದು ಹೇಳುವಂತಿಲ್ಲ. ಅರಾಬಿಕಾ ಗಿಡದ ಬಿಳಿ ಕಾಂಡಕೊರಕದ ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದರಿಂದ ಸಡಿಲ ತೊಗಟೆಯನ್ನು ನಾರಿನ ಕೈಚೀಲದಿಂದ ಉಜ್ಜಿ ತೆಗೆಯುವುದು ಯುಕ್ತವಾದ ಕ್ರಮವೇ ಆಗಿದೆ, ಅದರೊಡನೆ ಹಾವಸೆಯೂ ಹೋಗುತ್ತದೆ. ಆದರೆ ಆ ಕೈಚೀಲವನ್ನೇ ಹಿಡಿದು ನೆರಳಿನ ಮರಗಳಿಗೂ, ತೋಟದ ಬೇಲಿಯ ಮರಗಳಿಗೂ, ಅಬ್ಬಿಯ ಕಲ್ಲುಗಳಿಗೂ ಹೋಗುವುದರಿಂದ ಕೂಲಿ ವ್ಯರ್ಥವಾಗುವುದೇ ಹೊರತು ಬೇರೆ ಫಲವಿಲ್ಲ. ನೆರಳುಮರದ ಮೇಲಣ ಹಾವಸೆಯ ಮೆತ್ತೆಯಲ್ಲಿಯೇ ಸೀತೆದಂಡೆಯ ಬೇರುಗಳು ತೇವವನ್ನು ಕಾಣುತ್ತವೆ. ತೊಗಟೆಯ ಮೇಲೆ ಕೆಂಗಂದು ಬಣ್ಣದಲ್ಲಿ ಹರಡುವ ಫ್ರುಲ್ಲೇನಿಯ ಎಂಬ ಲಿವರ್‌ವರ್ಟ್ ಕೆಲವರ ಚರ್ಮಕ್ಕೆ ತಾಗಿದರೆ ತುರಿಕೆಯ ದದ್ದುಗಳನ್ನು ಎಬ್ಬಿಸುವುದೆಂಬುದು ಮರಕಡಿಯುವವರ ವಿಷಯದಲ್ಲಿ ಬೇರೆ ದೇಶಗಳಲ್ಲಿ ಸಿದ್ಧಪಟ್ಟಿದೆ. ಕೂಲಿಯಾಳುಗಳ ಕೈ ತುರಿಕೆಗೆ ಕಾರಣ ಹುಡುಕುವಾಗ ಇದನ್ನೂ ನೆನಪಿನಲ್ಲಿಟ್ಟುಕೊಳ್ಳಬಹುದು.

ಗದ್ದೆಗಳ ಕಡೆಗೂ ನೋಡಬೇಕು. ಕೊಯ್ಲಾದ ಬಳಿಕ ತೇವ ಆರದ ಗದ್ದೆಯ ಮಣ್ಣಿನ ಮೇಲೆ ಎರಡಾಗಿ ಕವಲೊಡೆಯುತ್ತ ಚಕ್ರದಂತೆ ಹರಡುವ ರಿಕ್ಸಿಯ ಎಂಬ ಲಿವರ್‌ವರ್ಟ್ ಕೂಳೆಗಳ ನಡುವೆ ಕಾಣುತ್ತದೆ. ಅದರ ನೆರೆಯಲ್ಲಿಯೋ ಬದುವಿನ ತೇವದಲ್ಲಿಯೋ ಬೆಳೆಯುವ ಹಾರ್ನ್‌ವರ್ಟ್‌ಗಳ ಹಾಳೆಯೊಳಗೆ ಸಣ್ಣ ಗೂಡುಗಳಿದ್ದು, ಅವುಗಳಲ್ಲಿ ನಾಸ್ಟಾಕ್ ಎಂಬ ನೀಲಿಹಸುರು ಜೀವಿ ವಾಸಮಾಡುತ್ತದೆ. ಅದು ಗಾಳಿಯ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತದೆ. ದ್ವಿದಳ ಧಾನ್ಯದ ಬೇರುಗಂಟಿನಲ್ಲಿ ನಡೆಯುವ ವ್ಯವಹಾರವೇ ಇಲ್ಲಿ ಬೇರೊಂದು ರೀತಿಯಲ್ಲಿ ನಡೆಯುತ್ತದೆ. ಇದರಿಂದ ಗೊಬ್ಬರದ ಖರ್ಚು ಉಳಿಯುವುದೆಂದು ಯಾರೂ ಆಸೆಪಡಬೇಕಾಗಿಲ್ಲ. ಅಷ್ಟು ದೊಡ್ಡ ಪ್ರಮಾಣದ್ದಲ್ಲ.

ಹಾವಸೆಯ ಮೋಜಣಿಯಿಂದ ಅಡಕೆ ಬೆಳೆಗಾರರಿಗೆ ದೊರೆಯಬಹುದಾದ ತಿಳಿವಳಿಕೆಯೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದಾಗಿದೆ. ಕೊಳೆರೋಗಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಹಿಂದಣವರಿಗೆ ತಿಳಿದಿದ್ದ ಉಪಾಯ. ಮೈಸೂರು ಸಂಸ್ಥಾನದ ಸಸ್ಯರೋಗ ಶಾಸ್ತ್ರಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರು ಆ ರೋಗದ ಮೇಲೆ ನಡೆಸಿದ ಸಂಶೋಧನೆಯನ್ನು 1910ರಲ್ಲಿ ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣದ ಸಿಂಪರಣೆ ಅಲ್ಲಿಂದೀಚೆಗೆ ಮಲೆನಾಡಿನಲ್ಲಿ ರೂಢಿಗೆ ಬಂದಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ, 40–45 ದಿನಗಳ ಮೇಲೆ ಮತ್ತೊಮ್ಮೆ, ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ ಒಂದು ಕಿಲೋ ಸುಣ್ಣದ ಪ್ರಕಾರ, ತಲೆಮಾರುಗಳಿಂದ ಒಂದೇ ತೋಟದ ಮೇಲೆ ಬಿದ್ದ ತಾಮ್ರ ಎಲ್ಲಿಗೆ ಹೋಯಿತು? ತಾಮ್ರವು ಮಣ್ಣಿನಿಂದ ಬೇಗನೆ ತೊಳೆದುಹೋಗುವ ವಸ್ತುವಲ್ಲ. ಬಹುಭಾಗ ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ. ಮೈಯೆಲ್ಲದರಿಂದ ಹೀರುವ ಹಾವಸೆ ಇಂತಹ ಲೋಹಗಳನ್ನು ಕೂಡಿಸಿಟ್ಟುಕೊಳ್ಳುವುದರಿಂದ, ಹಾವಸೆಯನ್ನು ಒಣಗಿಸಿ ಪರೀಕ್ಷಿಸಿದರೆ ಆ ಜಾಗದ ಮೇಲೆ ಬಿದ್ದ ಲೋಹದ ಅಂದಾಜು ಸಿಕ್ಕುತ್ತದೆ. ಸ್ವೀಡನ್ ದೇಶದಲ್ಲಿ 1960ರ ದಶಕದ ಕೊನೆಯಲ್ಲಿ ಆರಂಭವಾದ ಈ ಕ್ರಮವನ್ನು ಯುರೋಪಿನ ಹಲವು ದೇಶಗಳು 1990ರಿಂದ ಐದೈದು ವರ್ಷಕ್ಕೊಮ್ಮೆ ಒಟ್ಟಾಗಿ ನಡೆಸುತ್ತ ಬಂದಿವೆ. ತಾಮ್ರ ಹೆಚ್ಚಾದರೆ ಬಹಳಷ್ಟು ಹಾವಸೆಗಳು ಸಾಯುತ್ತವೆ. ಕೆಲವೇ ಜಾತಿಗಳು ಅದನ್ನು ಸಹಿಸಿ ಮೆರೆಯುತ್ತವೆ. ಜಪಾನಿನಲ್ಲಿ ತಾಮ್ರದ ಮಾಡಿನ ದೇವಾಲಯಗಳ ಸೂರಿನ ನೀರು ಬೀಳುವ ಪಟ್ಟಿಯಲ್ಲಿಯೇ ಬೆಳೆಯುವ ಮಾಸೊಂದು ಪ್ರಸಿದ್ಧವಾಗಿದೆ. ಹಾಗಾದರೆ ತಲೆಮಾರುಗಳಿಂದ ಸಿಂಪರಣೆ ನಡೆದ ತೋಟ, ಇತ್ತೀಚೆಗೆ ಸಿಂಪರಣೆ ಕಂಡ ತೋಟ, ಎಂದೂ ಕಾಣದ ಕಾನು, ಈ ಮೂರರ ಹಾವಸೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತೋಟದ ಮಣ್ಣಿನ ಸ್ಥಿತಿಯ ವಿಷಯವಾಗಿ ಬೆಳೆಗಾರನಿಗೆ ನೇರವಾಗಿ ಬೇಕಾದ ಸೂಚನೆ ದೊರೆಯುವುದು. ಕೊಳೆರೋಗದ ಔಷಧವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಬಿಟ್ಟರೆ ಏನಾಗುವುದೆಂಬುದು ಆಷಾಢದ ಒಂದು ವಾರದಲ್ಲಿಯೇ ತಿಳಿಯುವುದು.

ಸೊಪ್ಪಿನ ಬೆಟ್ಟಗಳ ವಿಷಯವೂ ಹೀಗೆಯೇ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಇರುವುದು ವಾಚಕರಿಗೆ ತಿಳಿದೇ ಇದೆ. ವರ್ಷವರ್ಷವೂ ಬೋಳಿಸಿದ ಬೆಟ್ಟದಲ್ಲಿ ಬಿಸಿಲು ಒಳಹೊಕ್ಕು ಮರದ ಬೊಡ್ಡೆಗಳು ಒಣಗುತ್ತವೆ; ಸರದಿಯ ಪ್ರಕಾರ ಹಿತವಾಗಿ ಸೊಪ್ಪು ಕಡಿದ ಬೆಟ್ಟದಲ್ಲಿ ಬೊಡ್ಡೆಯ ಹಸುರು ಉಳಿಯುತ್ತದೆ. ಬೆಟ್ಟದ ಬಾಳ್ವೆ ಹೇಗಿದೆಯೆಂಬುದನ್ನು ಮರಗಳ ಎಣಿಕೆಗಿಂತ ಬೇಗನೆ ಹಾವಸೆಯೇ ಹೇಳಬಲ್ಲದು, ಏಕೆಂದರೆ ಮರ ಸಾಯುವುದಕ್ಕೆ ಹತ್ತು ವರ್ಷ ಬೇಕು, ಹಾವಸೆಗೆ ಎರಡು ಬೇಸಗೆ ಸಾಕು. ಕೊಡಗಿನ ದೇವರಕಾಡುಗಳೂ, ಸಿದ್ಧಾಪುರದ ಕತ್ತಲೆಕಾನಿನಂತಹ ರಾಮಪತ್ರೆಯ ಜೌಗುಗಳೂ ಇಂತಹ ಹೋಲಿಕೆಗೆ ಅಳತೆಗೋಲಾಗಿ ಉಳಿದಿವೆ.

ಇನ್ನು ಈವರೆಗೆ ನಡೆದ ಕೆಲಸದ ಕಥೆ. ಭಾರತದ ಮಾಸ್‌ಗಳ ಮೊದಲ ದೊಡ್ಡ ಪಟ್ಟಿಯನ್ನು ವಿಲಿಯಂ ಮಿಟ್ಟೆನ್ ಎಂಬವನು 1859ರಲ್ಲಿ ಲಂಡನ್ನಿನಿಂದ ಹೊರತಂದನು. ಕೊಡಗಿನಲ್ಲಿ ವಾಕರ್ ಎಂಬವನು ಕೂಡಿಸಿದ ಪೊಟ್ಟಣಗಳನ್ನು ಫಿನ್ಲೆಂಡಿನ ಬ್ರೊಥೆರಸ್ ಪರೀಕ್ಷಿಸಿ 1899ರಲ್ಲಿ ಬರೆದ ಲೇಖನದಲ್ಲಿ ಹೊಸ ಜಾತಿಗಳ ವರ್ಣನೆ ಇದ್ದಿತು. ಫಿಸ್ಸಿಡೆನ್ಸ್ ವಾಕೆರಿ ಎಂಬ ಹೆಸರು ಆ ಕೊಡಗಿನ ಪೊಟ್ಟಣದಿಂದಲೇ ಬಂದುದು. ಲಾಹೋರಿನ ಶಿವರಾಮ ಕಶ್ಯಪರು 1929ರಲ್ಲಿಯೂ 1932ರಲ್ಲಿಯೂ ಪಶ್ಚಿಮ ಹಿಮಾಲಯದ ಲಿವರ್‌ವರ್ಟ್‌ಗಳನ್ನು ಕುರಿತು ಎರಡು ಭಾಗಗಳಲ್ಲಿ ಗ್ರಂಥ ಬರೆದು, ಈ ಶಾಸ್ತ್ರಕ್ಕೆ ಭಾರತದಲ್ಲಿ ತಳಹದಿ ಹಾಕಿದರು. ಪಳನಿ ಬೆಟ್ಟದಲ್ಲಿ ಪಾದ್ರಿ ಫೊರೋ ದಶಕಗಟ್ಟಲೆ ಕೂಡಿಸಿದ ಮಾಸ್‌ಗಳ ಪಟ್ಟಿ 1961ರಲ್ಲಿ ಅಚ್ಚಾಯಿತು. ಕರ್ನಾಟಕದ ಘಟ್ಟದ ಹಾವಸೆಗಳ ಮೇಲೆ 2013ರಲ್ಲಿ ಪ್ರಕಟವಾದ ಲೇಖನವೊಂದು ಪೋಲೆಂಡಿನ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಇವರೆಲ್ಲರ ಶ್ರಮ ಗೌರವಾರ್ಹವಾದುದೇ. ಆದರೆ ಪೊಟ್ಟಣ ಹೊರಟದ್ದು ಯಾವ ಊರಿನ ಯಾವ ಹಳ್ಳದಿಂದಲೋ ಆ ಊರಿನವರಿಗೆ ಅದರ ಸುದ್ದಿ ಮುಟ್ಟಲಿಲ್ಲವೆಂಬುದನ್ನು ಹೇಳದೆ ವಿಧಿಯಿಲ್ಲ. ಲಂಡನ್ನು, ಹೆಲ್ಸಿಂಕಿ, ವಾರ್ಸಾಗಳಲ್ಲಿ ಓದಬಹುದಾದುದನ್ನು ಮಕ್ಕಂದೂರಿನಲ್ಲಿಯೋ ತೀರ್ಥಹಳ್ಳಿಯಲ್ಲಿಯೋ ಓದುವ ಸೌಕರ್ಯ ಇರಲಿಲ್ಲ; ಕನ್ನಡದಲ್ಲಂತೂ ಇಲ್ಲವೇ ಇಲ್ಲವೆನ್ನುವಷ್ಟು ಕಡಮೆ.

ಇದಕ್ಕೆ ಪ್ರತಿಯಾಗಿ ಬ್ರಿಟನ್ನಿನ ಉದಾಹರಣೆಯನ್ನು ನೋಡಬಹುದು. ಅಲ್ಲಿ 1896ರಲ್ಲಿ ಮಾಸ್ ವಿನಿಮಯ ಸಂಘವೊಂದು ಹುಟ್ಟಿತು. ಒಬ್ಬರು ಕೂಡಿಸಿದ ಪೊಟ್ಟಣವನ್ನು ಇನ್ನೊಬ್ಬರಿಗೆ ಅಂಚೆಯಲ್ಲಿ ಕಳಿಸಿ ಹೆಸರನ್ನು ಖಚಿತಮಾಡಿಕೊಳ್ಳುವುದು ಅದರ ಕೆಲಸ. ಅದೇ ಸಂಘ 1923ರಲ್ಲಿ ಬ್ರಿಟಿಷ್ ಬ್ರಯಾಲಜಿಕಲ್ ಸೊಸೈಟಿ ಎಂಬ ಹೆಸರನ್ನು ತಳೆಯಿತು. ದೇಶವನ್ನು ಹತ್ತು ಕಿಲೋಮೀಟರಿನ ಚೌಕಗಳಾಗಿ ಗೆರೆ ಎಳೆದು, ಯಾವ ಚೌಕದಲ್ಲಿ ಯಾವ ಹಾವಸೆ ಇದೆಯೆಂದು ಸದಸ್ಯರು ಬರೆಯುತ್ತ ಹೋದರು. ಅವರಲ್ಲಿ ಬಹುಮಂದಿ ಈ ಕೆಲಸಕ್ಕೆ ಸಂಬಳ ಪಡೆದವರಲ್ಲ. ಆ ಬರಹದಿಂದ 1991–94ರಲ್ಲಿ ಒಂದು ನಕ್ಷೆಯ ಗ್ರಂಥವೂ 2014ರಲ್ಲಿ ಎರಡನೆಯದೂ ಹೊರಟವು. ಎರಡನ್ನೂ ಹೋಲಿಸಿ ನೋಡಿದಾಗ, ಕಲ್ಲಿದ್ದಲ ಹೊಗೆಯ ಗಂಧಕದಿಂದ ಪಟ್ಟಣಗಳ ಸುತ್ತ ಅಳಿದುಹೋಗಿದ್ದ ಮರದ ಹಾವಸೆಗಳು ಹೊಗೆ ಕಡಮೆಯಾದ ಮೇಲೆ ಮರಳಿ ಬಂದುದು ಕಂಡುಬಂದಿತು. ಹಳೆಯ ಪಟ್ಟಿ ಇಲ್ಲದಿದ್ದರೆ ಮರಳಿ ಬಂದುದೆಂದು ಹೇಳುವುದಕ್ಕೆ ಆಧಾರವೇ ಇರುತ್ತಿರಲಿಲ್ಲ. ಸ್ಕಾಟ್ಲೆಂಡಿನ ಪಡುವಣ ಕರಾವಳಿಯ ಬೆಟ್ಟಗಳು ಆ ದೇಶಕ್ಕೆ ಹೇಗೋ ಘಟ್ಟಗಳು ಕನ್ನಡ ನಾಡಿಗೆ ಹಾಗೆ. ಅಲ್ಲಿ ಶತಮಾನದಿಂದ ನಡೆದುಬಂದ ದಾಖಲೆ ಇಲ್ಲಿ ಇನ್ನೂ ಊರೂರಿನ ಮಟ್ಟಕ್ಕೆ ಇಳಿಯಬೇಕಾಗಿದೆ.

ಈಗ ಹಿಡುವಳಿದಾರರ ಅನುಮಾನದ ಮಾತು. 2011ರಲ್ಲಿ ಗಾಡ್ಗೀಳ್ ಸಮಿತಿಯ ವರದಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ, 2014ರಿಂದ ಒಂದರ ಹಿಂದೊಂದರಂತೆ ಕರಡು ಅಧಿಸೂಚನೆಗಳು, ಇವುಗಳಿಂದಾಗಿ ಘಟ್ಟದ ಊರುಗಳಲ್ಲಿ ಯಾವ ಗಿಡದ ಹೆಸರು ಬರೆದುಕೊಂಡರೂ ಜಮೀನು ಕೈತಪ್ಪೀತೆಂಬ ಭಯ ನೆಲೆಸಿದೆ. ಅಪರೂಪದ ಹಾವಸೆಯೊಂದು ತನ್ನ ಬಾಣೆಯಲ್ಲಿಯೋ ಕುಮ್ಕಿಯಲ್ಲಿಯೋ ಸಿಕ್ಕಿತೆಂದರೆ ಅದರಿಂದ ತನಗೆ ಮಾನವೋ ಅಪಾಯವೋ ಎಂದು ಯಜಮಾನನು ಯೋಚಿಸುವುದರಲ್ಲಿ ತಪ್ಪೇನೂ ಇಲ್ಲ. ಇದಕ್ಕೆ ಎರಡು ಮಾತು ಹೇಳಬೇಕಾಗಿದೆ. ಹಾವಸೆಯ ಪಟ್ಟಿಯಿಂದಲೇ ಯಾರ ಹಕ್ಕುಪತ್ರವೂ ಬದಲಾಗುವುದಿಲ್ಲ. ಗಡಿಗಳ ನಿರ್ಧಾರವು ಬೇರೆ ಕಾಗದಪತ್ರಗಳ ಮೇಲೆ, ಬೇರೆ ಕಚೇರಿಗಳಲ್ಲಿ ನಡೆಯತಕ್ಕ ಸಂಗತಿ. ಎರಡನೆಯದಾಗಿ, ಊರಿನ ನೆಲದ ವಿಷಯ ಚರ್ಚೆಗೆ ಬಂದಾಗ ಊರಿನವರ ಕೈಯಲ್ಲಿ ತಮ್ಮದೇ ಆದ ಬರಹ ಇಲ್ಲದಿದ್ದರೆ ದೂರದಿಂದ ಬಂದ ನಕ್ಷೆಯೇ ಕೊನೆಯ ಮಾತಾಗುತ್ತದೆ. ಬೆಟ್ಟವನ್ನು ತಲೆಮಾರುಗಳಿಂದ ಕೆಡದಂತೆ ಇಟ್ಟುಕೊಂಡುಬಂದ ಹಿಡುವಳಿದಾರನಿಗೆ ಆ ಬೆಟ್ಟದ ಬೊಡ್ಡೆಗಳ ಹಸುರಿಗಿಂತ ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. ಸಾಕ್ಷಿಯನ್ನು ಬರೆಯಿಸಿಟ್ಟುಕೊಳ್ಳದೆ ವಾದಕ್ಕೆ ಹೋಗುವುದು ಜಾಣತನವಲ್ಲ.

ಬರೆಯಿಸಿಟ್ಟುಕೊಳ್ಳುವುದಕ್ಕೆ ಕಾನೂನಿನಲ್ಲಿ ಎಡೆಯೂ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರತಕ್ಕದ್ದು, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕವನ್ನು ಅವು ಇಡತಕ್ಕದ್ದು. ಮರ, ಮೀನು, ಔಷಧಿಯ ಬೇರುಗಳನ್ನು ಬರೆಯುವಷ್ಟೇ ಶ್ರದ್ಧೆಯಿಂದ ಹಾವಸೆಯನ್ನೂ ಅಲ್ಲಿ ಬರೆಯಿಸಬಹುದು. ಮೋಜಣಿಗೆ ಬಂದವರು ಮೊದಲು ಪಂಚಾಯಿತಿಗೆ ಬಂದು ತಾವು ಯಾರು, ಯಾವ ಸಂಸ್ಥೆಯವರು, ಎಲ್ಲಿ ಎಷ್ಟು ತೆಗೆಯುವರು, ತೆಗೆದುದನ್ನು ಯಾವ ಸಂಗ್ರಹಾಲಯದಲ್ಲಿ ಇಡುವರು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ಕೇಳುವುದಕ್ಕೆ ಮುಖಂಡರು ಸಂಕೋಚಪಡಬಾರದು. ವಿದೇಶೀಯರಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಅವರ ಬಳಿ ಇರಬೇಕು. ಕೆಲಸ ಮುಗಿದ ಮೇಲೆ ಪಟ್ಟಿಯ ಒಂದು ಪ್ರತಿ ಪಂಚಾಯಿತಿಗೂ ಒಂದು ಪ್ರತಿ ಊರಿನ ಶಾಲೆಗೂ ಬರಬೇಕು. ಲ್ಯಾಟಿನ್ ಹೆಸರಿನ ಮುಂದೆ ಅದು ಸಿಕ್ಕಿದ ಜಾಗದ ಕನ್ನಡ ಹೆಸರು, ಯಾವ ಮರದ ಮೇಲೆ ಅಥವಾ ಯಾವ ಕಲ್ಲಿನ ಮೇಲೆ ಎಂಬ ವಿವರ, ಒಂದು ಚಿತ್ರ ಇಷ್ಟು ಇರಬೇಕು. ಇದನ್ನು ಒಪ್ಪದ ತಂಡವನ್ನು ಮರ್ಯಾದೆಯಿಂದ ಹಿಂದಕ್ಕೆ ಕಳಿಸುವುದರಲ್ಲಿ ದೋಷವಿಲ್ಲ. ಒಪ್ಪಿದ ತಂಡಕ್ಕೆ ದಾರಿ ತೋರಿಸಲು ಹಳ್ಳದ ಹೆಸರು, ಅಬ್ಬಿಯ ಹೆಸರು ಬಲ್ಲ ಒಬ್ಬ ಹಿರಿಯನನ್ನೂ, ಕಣ್ಣು ಚುರುಕಾದ ಇಬ್ಬರು ಹುಡುಗರನ್ನೂ ಜೊತೆಮಾಡಿ ಕಳಿಸುವುದು ಊರಿಗೇ ಲಾಭ.

ಹುಡುಗರು ಈ ಕೆಲಸವನ್ನು ಕಲಿಯುವುದು ಕಷ್ಟವಲ್ಲ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಕೈಗನ್ನಡಿ, ಹಳೆಯ ವೃತ್ತಪತ್ರಿಕೆಯಿಂದ ಮಡಿಸಿದ ಪೊಟ್ಟಣ, ಒಂದು ಪೆನ್ಸಿಲು, ಇಷ್ಟೇ ಸಲಕರಣೆ. ರೂಪಾಯಿ ನಾಣ್ಯದಷ್ಟು ಅಗಲದ ತುಣುಕು ಸಾಕು. ಮೆತ್ತೆಯನ್ನೇ ಕಿತ್ತು ತರುವುದು ತಪ್ಪು, ಒಂದೇ ತುಣುಕು ಇದ್ದಲ್ಲಿ ಚಿತ್ರ ತೆಗೆದು ಬಿಡತಕ್ಕದ್ದು. ಸಾಧ್ಯವಾದರೆ ಕಾಯಿಕಟ್ಟಿದ ತುಣುಕನ್ನು ಆರಿಸಬೇಕು, ಏಕೆಂದರೆ ಹಲವು ಜಾತಿಗಳ ಗುರುತು ಕಾಯಿಯ ಬಾಯಿಯ ಹಲ್ಲುಗಳಲ್ಲಿದೆ. ಪೊಟ್ಟಣದ ಮೇಲೆ ದಿನಾಂಕ, ಊರು, ಹಳ್ಳ, ಸಮುದ್ರಮಟ್ಟದಿಂದ ಎತ್ತರ, ಮರವೋ ಕಲ್ಲೋ ಮಣ್ಣೋ ಎಂಬುದು, ನೆರಳೋ ಬಿಸಿಲೋ ಎಂಬುದು, ತೆಗೆದವನ ಹೆಸರು ಬರೆಯಬೇಕು. ಜಾಗದ ಅಕ್ಷಾಂಶ ರೇಖಾಂಶಗಳನ್ನು ಈಗ ಜೇಬಿನ ಮೊಬೈಲ್ ಫೋನೇ ತೋರಿಸಿಕೊಡುತ್ತದೆ. ಹೂವಿನ ಗಿಡದಂತೆ ಒತ್ತಿಡುವ ಅಗತ್ಯವಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿಸಿದರೆ ಸಾಕು. ಹೀಗೆ ಒಣಗಿದ ತುಣುಕು ನೂರು ವರ್ಷದ ಮೇಲೆಯೂ ನೀರಿನಲ್ಲಿ ನೆನೆಸಿದಾಗ ಎಲೆ ಬಿಚ್ಚಿ ಪರೀಕ್ಷೆಗೆ ಒದಗುತ್ತದೆ. ಖಚಿತವಾದ ಹೆಸರನ್ನು ಹೇಳುವುದು ಸೂಕ್ಷ್ಮದರ್ಶಕವುಳ್ಳ ಪರಿಣತರ ಕೆಲಸ. ಅದರಲ್ಲಿ ಆತುರ ಸಲ್ಲದು. ತಪ್ಪು ಹೆಸರಿಗಿಂತ ಹೆಸರಿಲ್ಲದ ಪೊಟ್ಟಣ ಲೇಸು.

ಹಾವಸೆಗೆ ಬೆಲೆಯೂ ಉಂಟೆಂಬುದನ್ನು ತಿಳಿದ ಕೆಲವರು ಅದನ್ನು ಮೂಟೆಕಟ್ಟುವುದಕ್ಕೆ ಬರುವ ಸಂಭವವಿದೆ. ಗೂಟಿ ಕಟ್ಟುವುದಕ್ಕೂ ಸೀತೆದಂಡೆಯ ಕುಂಡಗಳಿಗೂ ಸಸಿಗಳನ್ನು ದೂರಕ್ಕೆ ಕಳಿಸುವಾಗ ಬೇರಿಗೆ ಸುತ್ತುವುದಕ್ಕೂ ಅದು ಬೇಕಾಗುತ್ತದೆ. ಒಣತೂಕದ ಇಪ್ಪತ್ತು ಪಟ್ಟು ನೀರು ಹಿಡಿಯಬಲ್ಲ ಸ್ಫ್ಯಾಗ್ನಮ್ ಎಂಬ ಜಾತಿಯನ್ನು 1914–18ರ ಮಹಾಯುದ್ಧದಲ್ಲಿ ಹತ್ತಿಯ ಬದಲಾಗಿ ಗಾಯಕ್ಕೆ ಕಟ್ಟಿದ್ದೂ ಉಂಟು. ಕುಮಾವೂ ಬೆಟ್ಟಗಳಲ್ಲಿ ಕಾಡಿನ ಹಾವಸೆಯನ್ನು ಚೀಲಗಟ್ಟಲೆ ಸುಲಿದು ಪೇಟೆಗೆ ಮಾರಿದುದರಿಂದ ಮರಗಳೂ ಬಂಡೆಗಳೂ ಬೋಳಾದ ಸಂಗತಿ ಪ್ರಸಿದ್ಧವಾಗಿದೆ. ಸುಲಿದ ಜಾಗ ಮತ್ತೆ ತುಂಬಲು ಹಲವು ಮಳೆಗಾಲಗಳು ಬೇಕು, ತುಂಬುವುದೂ ಮೊದಲಿನ ಜಾತಿಗಳಿಂದಲೇ ಎಂಬ ಭರವಸೆಯಿಲ್ಲ. ಒಂದು ಪೊಟ್ಟಣ ತೆಗೆಯುವ ವಿದ್ಯಾರ್ಥಿಯನ್ನು ತಡೆದು, ಹತ್ತು ಮೂಟೆ ಸುಲಿಯುವ ದಲ್ಲಾಳಿಗೆ ಗೇಟು ತೆರೆಯುವ ಯಜಮಾನರು ಇಲ್ಲದಿಲ್ಲ. ಗೂಟಿಗೆ ತೆಂಗಿನ ನಾರಿನ ಹುಡಿಯೂ ಆಗುತ್ತದೆ. ಕರಾವಳಿಯಲ್ಲಿ ಅದಕ್ಕೆ ಕೊರತೆಯಿಲ್ಲ.

ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಸುತ್ತ ಬೆಟ್ಟಗಳು ಜಾರಿ ಮನೆ ತೋಟಗಳು ಮಣ್ಣುಪಾಲಾದವು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿಯಿತು. ಹಾವಸೆಯಿದ್ದರೆ ಗುಡ್ಡ ಜಾರುತ್ತಿರಲಿಲ್ಲವೆಂದು ಹೇಳುವುದು ಅಸಂಬದ್ಧ. ಅಷ್ಟು ಮಣ್ಣನ್ನು ಹಿಡಿಯುವ ಶಕ್ತಿ ಬೆರಳುದ್ದವೂ ಇಲ್ಲದ ಸಸ್ಯಕ್ಕೆ ಎಲ್ಲಿಂದ ಬರಬೇಕು? ಆದರೆ ಬೋಳಾದ ಮಣ್ಣಿನ ಮೇಲೆ ಮೊದಮೊದಲು ನೆಲೆಯೂರುವ ಸಸ್ಯಗಳಲ್ಲಿ ಹಾವಸೆಯೂ ಸೇರಿದೆ; ಹುಲ್ಲಿಗೂ ಜರಿಗೂ ಮರದ ಮೊಳಕೆಗೂ ಬೇಕಾದ ತೇವದ ಚರ್ಮವನ್ನು ಅದು ಕಟ್ಟಿಕೊಡುತ್ತದೆ. ಇಂತಹ ಜಾರುಗಳ ಮೇಲೆ ಯಾವ ವರ್ಷ ಯಾವ ಹಾವಸೆ ಬಂದಿತು, ಅದರ ಹಿಂದೆ ಏನು ಬಂದಿತು ಎಂಬುದನ್ನು ಬರೆದಿಟ್ಟರೆ, ಮುಂದೆ ಕುಸಿದ ತೋಟವನ್ನು ಮತ್ತೆ ಎಬ್ಬಿಸುವವರಿಗೆ ಅದು ಉಪಯೋಗಕ್ಕೆ ಬರುವುದು. ಜಾರಿನ ಅಂಚಿನಲ್ಲಿ ವಾಸವಾಗಿರುವ ಹಿಡುವಳಿದಾರನ ಹೊರತು ವರ್ಷವರ್ಷವೂ ಅದನ್ನು ನೋಡತಕ್ಕವರು ಬೇರೆ ಯಾರೂ ಇಲ್ಲ.

ಮಳೆ ಹಿಂದೆಗೆದು ಕಾಯಿಕಟ್ಟಿದ ಹಾವಸೆಗಳು ಹೇರಳವಾಗಿ ಸಿಕ್ಕುವ ಕಾಲ ಸೆಪ್ಟೆಂಬರಿನಿಂದ ಜನವರಿಯವರೆಗೆ. ಕಾಫಿ ಕೊಯ್ಲಿಗೂ ಅಡಕೆ ಸುಲಿತಕ್ಕೂ ಆಳುಗಳು ತೋಟದಲ್ಲಿ ತುಂಬಿರುವ ದಿನಗಳೇ ಇವೂ ಆಗಿರುವುದರಿಂದ ತಂಡದವರು ಮುಂಚಿತವಾಗಿ ಕಾಗದ ಬರೆದು ದಿನ ಗೊತ್ತುಮಾಡಿಕೊಂಡು ಬರಬೇಕು. ಪಂಚಾಯಿತಿಯ ದಾಖಲಾತಿ ಪುಸ್ತಕದಲ್ಲಿ ಹಾವಸೆಗೆಂದು ನಾಲ್ಕು ಹಾಳೆಗಳನ್ನು ಈಗಲೇ ಬಿಡಿಸಿಟ್ಟಿರುವುದು ಒಳ್ಳೆಯದು. ಮೊದಲ ದಿನದ ಕೆಲಸವನ್ನು ದೂರದ ಬೆಟ್ಟದಿಂದ ಆರಂಭಿಸಬೇಕಾದುದಿಲ್ಲ. ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲು, ಶಾಲೆಯ ಹಿಂದಣ ಪಾಗಾರ, ಊರಬಾವಿಯ ಒಳಗೋಡೆ ಇಷ್ಟರಲ್ಲಿಯೇ ಹತ್ತು ಹದಿನೈದು ಪೊಟ್ಟಣಗಳು ತುಂಬಿಯಾವು.